ಸ್ತನ ಕ್ಯಾನ್ಸರಿನ ಹಾರ್ಮೋನ್ ಚಿಕಿತ್ಸೆ ಮತ್ತು ಮೂಳೆ ಸವೆತ

ಈಸ್ಟ್ರೊಜೆನ್ ಬಲದಿಂದ ಬೆಳೆಯುವ ಸ್ತನ ಕ್ಯಾನ್ಸರಿಗೆ ಐದರಿಂದ ಹತ್ತು ವರ್ಷ ಮಾತ್ರೆ ಕೊಡುವುದುಂಟು. ಗಡ್ಡೆಯನ್ನು ಬೆಳೆಸುವ ಈ ಹಾರ್ಮೋನೇ ಮೂಳೆಯನ್ನೂ ಕಾಯುತ್ತದೆ. ತೊಡಕೆಲ್ಲ ಇರುವುದು ಇಲ್ಲಿಯೇ.

ಅಂಡಾಶಯ ತೆಗೆದರೆ ಸ್ತನದ ಗಡ್ಡೆ ಕುಗ್ಗಬಹುದೆಂದು ಗ್ಲಾಸ್ಗೊದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್ ವರದಿ ಮಾಡಿದ್ದು 1896ರಲ್ಲಿ. ಮುಟ್ಟು ನಿಂತವರ ಮೂಳೆ ಸವೆತಕ್ಕೆ ಈಸ್ಟ್ರೊಜೆನ್ ಕೊರತೆ ಕಾರಣವೆಂದು ಬಾಸ್ಟನ್ನಿನ ಫುಲ್ಲರ್ ಆಲ್‌ಬ್ರೈಟ್ ಹೇಳುವ ಹೊತ್ತಿಗೆ 1940 ಬಂದಿತ್ತು. 1970ರ ದಶಕದಲ್ಲಿ ಬಳಕೆಗೆ ಬಂದ ಟಾಮಾಕ್ಸಿಫೆನ್ ಸ್ತನದಲ್ಲಿ ಈಸ್ಟ್ರೊಜೆನ್ನಿಗೆ ಅಡ್ಡ ನಿಂತರೂ ಮುಟ್ಟು ನಿಂತವರ ಬೆನ್ನೆಲುಬನ್ನು ಕಾಯುತ್ತದೆಂದು 1992ರ ಅಧ್ಯಯನವೊಂದು ತೋರಿಸಿತು. ಇನ್ನೂ ಮುಟ್ಟಾಗುವವರಲ್ಲಿ ಮಾತ್ರ ಫಲ ತಿರುವುಮುರುವು.

ಈಸ್ಟ್ರೊಜೆನ್ ಉತ್ಪತ್ತಿಯನ್ನೇ ತಡೆಯುವ ಅನಾಸ್ಟ್ರೊಜೋಲ್, ಲೆಟ್ರೊಜೋಲ್ 1990ರ ದಶಕದಲ್ಲಿ ಬಂದವು. ಅಲ್ಲಿಂದ ಮೂಳೆಯ ಪ್ರಶ್ನೆಯನ್ನು ಬದಿಗಿಡಲಾಗಲಿಲ್ಲ. 2005ರ 'ಅಟ್ಯಾಕ್' ಅಧ್ಯಯನದಲ್ಲಿ ಅನಾಸ್ಟ್ರೊಜೋಲ್ ಪಡೆದವರಲ್ಲಿ 100ಕ್ಕೆ 11 ಮಂದಿಗೆ, ಟಾಮಾಕ್ಸಿಫೆನ್ ಪಡೆದವರಲ್ಲಿ 7.7 ಮಂದಿಗೆ ಮೂಳೆ ಮುರಿದಿತ್ತು. ಮೂಳೆಯ ಸಾಂದ್ರತೆ ಅಳೆಯಲು ಡೆಕ್ಸಾ ಸ್ಕ್ಯಾನ್ ಅಷ್ಟರಲ್ಲಿ ಸಿದ್ಧವಿತ್ತು. ಆ ಸ್ಕ್ಯಾನಿನ ಅಂಕವಾದ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್ ಎಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲೇ ಗೊತ್ತುಮಾಡಿತ್ತು.

ಕರ್ನಾಟಕದಲ್ಲಿ ಕ್ಯಾನ್ಸರಿಗೆಂದೇ ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಇದೆ. ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನ ಹಾರೂಗೇರಿಯಂಥ ಊರಿಗೆ ಅದು ಬಲು ದೂರ. ಈ ಸೀಮೆಯವರು ದೊಡ್ಡ ಆಸ್ಪತ್ರೆಯೆಂದರೆ ಮಿರಜ ಇಲ್ಲವೇ ಬೆಳಗಾವಿಯ ದಾರಿ ಹಿಡಿಯುತ್ತಾರೆ. ಬೆಳಗಾವಿಯಲ್ಲಿ ಕೆಎಲ್‌ಇ ಕ್ಯಾನ್ಸರ್ ಆಸ್ಪತ್ರೆ ಉದ್ಘಾಟನೆಯಾದದ್ದು 2025ರ ಜನವರಿಯಲ್ಲಿ. ಊಟದ ಸಲಹೆಯೂ ಸೀಮೆಗೆ ಒಗ್ಗಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಇಲ್ಲಿನ ನಿತ್ಯದ ಜೋಳದಲ್ಲಿ 30 ಕೂಡ ಇಲ್ಲ. 'ರಾಗಿ ಮುದ್ದೆ ಉಣ್ಣಿ' ಎಂಬ ಚೀಟಿ ರೊಟ್ಟಿಯ ಮನೆಯಲ್ಲಿ ನಡೆಯುವುದಿಲ್ಲ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಹಾಲು, ಮೊಸರು ನಡೆದಾವು. ಆದರೂ ದಿನಕ್ಕೆ ಬೇಕಾದ 1,000ದಿಂದ 1,200 ಮಿಲಿಗ್ರಾಂ ತುಂಬಲು ಹಲವರಿಗೆ ಗುಳಿಗೆ, ಜೊತೆಗೆ ವಿಟಮಿನ್ ಡಿ ಬೇಕಾಗುತ್ತದೆ.

ಸವೆತ ಹೆಚ್ಚಿದ್ದರೆ ಇಂಜೆಕ್ಷನ್. ಆರು ತಿಂಗಳಿಗೊಮ್ಮೆ ಚರ್ಮದಡಿ ಕೊಡುವ 60 ಮಿಲಿಗ್ರಾಂ ಡೆನೊಸುಮ್ಯಾಬ್ ಮೂಳೆ ಮುರಿತವನ್ನು ಅರ್ಧಕ್ಕಿಳಿಸಿತೆಂದು 2015ರಲ್ಲಿ ಆಸ್ಟ್ರಿಯಾದ ಅಧ್ಯಯನ ಹೇಳಿತು. ಆದರೆ ಅದನ್ನು ನಡುವೆ ಬಿಟ್ಟರೆ ಗಳಿಸಿದ ಗಟ್ಟಿತನ ಬೇಗನೆ ಕರಗಿ ಬೆನ್ನೆಲುಬು ಕುಸಿಯುವ ಭಯವಿದೆ. ಕಬ್ಬಿನ ಹಂಗಾಮು ಮುಗಿಯಲಿ ಎಂದು ತಾರೀಖು ಮುಂದೂಡುವಂತಿಲ್ಲ. ಸಲೈನಿನಲ್ಲಿ ಹನಿಸುವ ಜೊಲೆಡ್ರೊನಿಕ್ ಆಮ್ಲ ಮೂಳೆಯಲ್ಲೇ ಬಹುಕಾಲ ಉಳಿಯುತ್ತದೆ. ಹಲ್ಲು, ಮೂತ್ರಪಿಂಡ ತೋರಿಸಿಕೊಂಡ ಮೇಲೆ, ದೂರದಿಂದ ಬರುವವರಿಗೆ ಅದೇ ಹೆಚ್ಚು ಒಗ್ಗೀತು.