ಬ್ಲೂಫಿನ್ ಟ್ಯೂನಾ ಸಾಕಣೆ

ಬ್ಲೂಫಿನ್ ಎಂಬುದು ಬಂಗುಡೆಯ ಕುಟುಂಬಕ್ಕೆ ಸೇರಿದ ಮೂರು ದೈತ್ಯ ಮೀನುಗಳ ಹೆಸರು: ಅಟ್ಲಾಂಟಿಕ್, ಪೆಸಿಫಿಕ್ ಮತ್ತು ದಕ್ಷಿಣದ ಬ್ಲೂಫಿನ್. ಕರ್ನಾಟಕದ ಬಂದರುಗಳಿಗೆ ಬರುವ ಕೇದರ ಇವುಗಳ ದೂರದ ನೆಂಟ. ಸಾಕಿದ ಬ್ಲೂಫಿನ್‌ಗೆ ಜಪಾನೇ ದೊಡ್ಡ ಗಿರಾಕಿ.

ಕೊಬ್ಬಿಸುವಿಕೆ

ಸಾಕಣೆ ಎನ್ನುವುದರಲ್ಲಿ ಬಹುಪಾಲು ಕೊಬ್ಬಿಸುವ ಕೆಲಸವೇ. ದಕ್ಷಿಣ ಆಸ್ಟ್ರೇಲಿಯದ ಪೋರ್ಟ್ ಲಿಂಕನ್‌ನಲ್ಲಿ 1990ರ ದಶಕದ ಆರಂಭದಿಂದ, ಪರ್ಸೀನ್ ಬಲೆಯಲ್ಲಿ ಸಿಕ್ಕ ಹಿಂಡನ್ನು ಬಲೆಪಂಜರಕ್ಕೆ ದಾಟಿಸಿ, ನಿಧಾನವಾಗಿ ದಡದತ್ತ ಎಳೆದು ತಂದು, ಕೆಲವು ತಿಂಗಳು ಬೂತಾಯಿಯಂಥ ಮೀನು ಹಾಕಿ ಬೆಳೆಸುತ್ತಾರೆ. ಮಾಲ್ಟಾ, ಸ್ಪೇನ್‌ಗಳಲ್ಲೂ ಇದೇ ಕ್ರಮ. ಬ್ಲೂಫಿನ್ ಈಜು ನಿಲ್ಲಿಸುವುದಿಲ್ಲ, ಮೈಯನ್ನು ನೀರಿಗಿಂತ ಬೆಚ್ಚಗೆ ಇಟ್ಟುಕೊಳ್ಳುತ್ತದೆ. ಹಾಗಾಗಿ ಒಂದು ಕೆ.ಜಿ. ತೂಕಕ್ಕೆ ಸಾಮಾನ್ಯವಾಗಿ 10 ಕೆ.ಜಿ.ಗೂ ಹೆಚ್ಚು ಮೀನು ಖರ್ಚಾಗುತ್ತದೆ.

ಪೂರ್ಣಚಕ್ರ ಸಾಕಣೆ

ಮೊಟ್ಟೆಯಿಂದ ಮೊಟ್ಟೆಯವರೆಗೆ ಮೀನನ್ನು ಸಾಕಣೆಯಲ್ಲೇ ಬೆಳೆಸಿದ ಮೇಲಷ್ಟೇ ಇದನ್ನು ಸರಿಯಾದ ಅರ್ಥದಲ್ಲಿ ಕೃಷಿ ಎನ್ನಬಹುದು. ಜಪಾನಿನ ಕಿಂದಾಯ್ ವಿಶ್ವವಿದ್ಯಾಲಯ 1970ರಲ್ಲಿ ಪೆಸಿಫಿಕ್ ಬ್ಲೂಫಿನ್ ಮೇಲೆ ಈ ಪ್ರಯತ್ನ ಆರಂಭಿಸಿತು. ಸಾಕಿದ ಮೀನು 1979ರಲ್ಲಿ ಮೊಟ್ಟೆಯಿಟ್ಟಿತು. 1982ರ ನಂತರ 11 ವರ್ಷ ಒಂದು ಮೊಟ್ಟೆಯೂ ಸಿಗಲಿಲ್ಲ. 1994ರಲ್ಲಿ ಮತ್ತೆ ಸಿಕ್ಕಾಗ ಮರಿ ಉಳಿಸುವುದೇ ಸಮಸ್ಯೆಯಾಯಿತು. ಸುಮಾರು ಒಂದು ಮಿ.ಮೀ. ಮೊಟ್ಟೆಯಿಂದ ಹೊರಬಂದ ಮರಿಗಳಲ್ಲಿ ಕೆಲವು ನೀರಿನ ಮೇಲ್ಪದರಕ್ಕೆ ಅಂಟಿಕೊಂಡು ಸಾಯುತ್ತವೆ, ಕೆಲವು ರಾತ್ರಿ ತಳಕ್ಕಿಳಿದು ಸಾಯುತ್ತವೆ. ಕೆಲವು ದಿನ ಕಳೆದರೆ ದೊಡ್ಡವು ಚಿಕ್ಕವನ್ನೇ ನುಂಗುತ್ತವೆ. ಇನ್ನೂ ಬೆಳೆದವು ಬೆಳಕು ಫಕ್ಕನೆ ಮಿನುಗಿದರೂ ಬೆದರಿ ಓಡಿ ಗೋಡೆಗೋ ಬಲೆಗೋ ಬಡಿದು ಬೆನ್ನುಮೂಳೆ ಮುರಿದುಕೊಳ್ಳುತ್ತವೆ. ಗಾತ್ರ ನೋಡಿ ಬೇರ್ಪಡಿಸುವುದು, ರಾತ್ರಿಯಿಡೀ ದೀಪ ಉರಿಸುವುದು, ಪಂಜರವನ್ನು ಹಿಗ್ಗಿಸುವುದು ಇದಕ್ಕೆ ಕಂಡುಕೊಂಡ ಉಪಾಯಗಳು. 2002ರಲ್ಲಿ, ಸಾಕಣೆಯಲ್ಲೇ ಹುಟ್ಟಿ ಬೆಳೆದ ಮೀನುಗಳು ಮೊಟ್ಟೆಯಿಟ್ಟು ಚಕ್ರ ಪೂರ್ಣವಾಯಿತು.

ಮಾಂಸ ಮತ್ತು ರುಚಿ

ಬೆನ್ನಿನ ಕೆಂಪು ಮಾಂಸ ಅಕಾಮಿ, ಹದವಾಗಿ ಕೊಬ್ಬಿರುವುದು ಚೂಟೊರೊ, ಹೊಟ್ಟೆಯ ಅತಿ ಕೊಬ್ಬಿನ ಭಾಗ ಓಟೊರೊ. ಅಕಾಮಿಗೆ ತುಸು ಹುಳಿ, ರಕ್ತದ ಕಬ್ಬಿಣದ ರುಚಿ ಇರುತ್ತದೆ. ಓಟೊರೊ ನಾಲಿಗೆಯ ಬಿಸಿಗೇ ಕರಗುತ್ತದೆ. ಸಾಕಿದ ಮೀನಿನಲ್ಲಿ ಕೊಬ್ಬು ಹೆಚ್ಚು, ಅಕಾಮಿಯ ಬಣ್ಣ ಸಾಮಾನ್ಯವಾಗಿ ತೆಳು. ಹಿಡಿಯುವಾಗ ಒದ್ದಾಡಿದ ಮೀನಿನ ಒಳಬಿಸಿ ಏರಿ, ಮಾಂಸ ಬೇಯಿಸಿದಂತೆ ಬಿಳಚಿ ಹುಳಿಯಾಗುತ್ತದೆ. ಇದಕ್ಕೆ ಜಪಾನಿನಲ್ಲಿ 'ಯಾಕೆ' ಎಂಬ ಹೆಸರಿದೆ. ಅದನ್ನು ತಪ್ಪಿಸಲೆಂದೇ ಮಿದುಳಿಗೆ ಚುಚ್ಚಿ ತಕ್ಷಣ ಕೊಂದು, ರಕ್ತ ಬಸಿದು, ಮಂಜಿನ ನೀರಿನಲ್ಲಿ ತಣಿಸುತ್ತಾರೆ.

ಜಪಾನಿನ ಹಳೆಯ ಎಡೊ ಕಾಲದ ಸುಶಿ ಅಂಗಡಿಗಳು ಅಕಾಮಿಯನ್ನು ಸೋಯಾ ಸಾಸ್‌ನಲ್ಲಿ ನೆನೆಸಿ ಬಡಿಸುತ್ತಿದ್ದವು. ಬೇಗ ಕೆಡುವ ಕೊಬ್ಬಿನ ಹೊಟ್ಟೆಯನ್ನು ಕೇಳುವವರಿರಲಿಲ್ಲ. ಇಂದು ಪಂಜರದ ಮೀನಿಗೆ ತಿನ್ನಿಸುವುದೆಲ್ಲ ಆ ಹೊಟ್ಟೆಗಾಗಿಯೇ.