ವಾಹಕ

ಸಂಸ್ಕೃತದ ‘ವಹ್’ ಧಾತುವಿಗೆ ಹೊರು, ಸಾಗಿಸು ಎಂಬ ಅರ್ಥ. ವಾಹನ, ಪ್ರವಾಹ, ಬಸ್ಸಿನ ನಿರ್ವಾಹಕ ಎಲ್ಲವೂ ಅದರಿಂದಲೇ ಬಂದವು, ‘ವಿವಾಹ’ವೂ ಅಷ್ಟೆ. ಶಾಲೆಯ ವಿಜ್ಞಾನ ಪಾಠದಲ್ಲಿ ತಾಮ್ರ ವಿದ್ಯುತ್ ವಾಹಕ. ವೈದ್ಯಕೀಯದಲ್ಲಿ ವಾಹಕರೆಂದರೆ ದೋಷವುಳ್ಳ ಜೀನೊಂದನ್ನು ಹೊತ್ತೂ ಆರೋಗ್ಯವಾಗಿರುವವರು.

ಬೀಟಾ ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ ಇದಕ್ಕೆ ಒಳ್ಳೆಯ ಉದಾಹರಣೆ. ಇದರ ವಾಹಕರಿಗೆ ಹೆಚ್ಚೆಂದರೆ ಅಲ್ಪ ರಕ್ತಹೀನತೆ. ಅದನ್ನು ಕಬ್ಬಿಣಾಂಶದ ಕೊರತೆಯೆಂದು ತಿಳಿದು ಮಾತ್ರೆ ನುಂಗುವವರೂ ಉಂಟು. ರಕ್ತಪರೀಕ್ಷೆಯ ವರದಿಯಲ್ಲಿ ಹಿಮೋಗ್ಲೋಬಿನ್ ಎ2 ಪ್ರಮಾಣ ಶೇ. 3.5 ದಾಟಿದ್ದರೆ ವೈದ್ಯರು ಸಾಮಾನ್ಯವಾಗಿ ವಾಹಕರೆಂದು ಗುರುತಿಸುತ್ತಾರೆ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ. 25. ತೀವ್ರ ಕಾಯಿಲೆಯ ಮಗುವಿಗೆ ಕೆಲವು ವಾರಗಳಿಗೊಮ್ಮೆ ರಕ್ತ ಕೊಡಿಸುತ್ತಲೇ ಇರಬೇಕು.

ವರದಿಯಲ್ಲಿ ‘ವಾಹಕ’ ಎಂದು ಕಂಡೊಡನೆ ಮಗುವಿನ ಗತಿಯೇನೆಂದು ದಂಪತಿ ಗಾಬರಿಯಾಗುವುದು ಸಹಜ. ಡೆಂಗಿ ಹರಡುವ ಸೊಳ್ಳೆಗೂ ‘ರೋಗವಾಹಕ’ ಎನ್ನುವುದರಿಂದ ಗೊಂದಲ ಇನ್ನಷ್ಟು ಹೆಚ್ಚುತ್ತದೆ. ಆದರೆ ಜೀನ್ ವಾಹಕರು ರೋಗಿಗಳಲ್ಲ; ಅವರಿಂದ ಯಾರಿಗೂ ಸೋಂಕು ತಗಲುವುದಿಲ್ಲ.

ಒಬ್ಬರು ವಾಹಕರೆಂದು ತಿಳಿದರೆ ಸಂಗಾತಿಯ ಪರೀಕ್ಷೆಯನ್ನೂ ತಡಮಾಡದೆ ಮಾಡಿಸಿ. ಮದುವೆಗೆ ಮುಂಚೆಯೇ ಮಾಡಿಸಿದರೆ ಇನ್ನೂ ಒಳ್ಳೆಯದು.