ಶಾಸನದ ಪಡಿಯಚ್ಚು, ತಾಮ್ರಫಲಕದ ಬೆಳಕಚ್ಚು

ಚಿಂತಾಮಣಿ ತಾಲ್ಲೂಕಿನ ಕೈವಾರವು ಅಮರನಾರಾಯಣಸ್ವಾಮಿಯ ದೇವಾಲಯದಿಂದಲೂ ಯೋಗಿ ನಾರೇಯಣರ ಕೀರ್ತನೆಗಳಿಂದಲೂ ನಾಡಿನಲ್ಲೆಲ್ಲ ಪ್ರಸಿದ್ಧವಾಗಿರುವುದಷ್ಟೆ. ಆ ಗ್ರಾಮದ ಶಿಲಾಶಾಸನಗಳ ಪಾಠಗಳು ಬಿ. ಎಲ್. ರೈಸರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ 10ನೆಯ ಸಂಪುಟದಲ್ಲಿ ಸೇರಿವೆ. ಕಲ್ಲಿನ ಬರೆಹವನ್ನು ಕಾಗದಕ್ಕೆ ತರುವ ಕಲೆಗೂ, ಈ ಕಾಲದ ತರುಣರು ನೇರಳಾತೀತ ದೀಪದ ಕೆಳಗಿಟ್ಟು ಮನೆಯಲ್ಲಿಯೇ ಸಿದ್ಧಪಡಿಸುವ ಸರ್ಕಿಟ್ ಬೋರ್ಡಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಎರಡೂ ಒಂದೇ ವಂಶಕ್ಕೆ ಸೇರಿದುವೆಂದು ತೋರಿಸುವುದೇ ಈ ಲೇಖನದ ಉದ್ದೇಶವಾಗಿದೆ.

‘ಲೇಖ’ವು ಗೀರುವುದೆಂಬರ್ಥದ ‘ಲಿಖ್’ ಧಾತುವಿನಿಂದ ಹುಟ್ಟಿದುದು. ‘ಲಿಪಿ’ಯನ್ನು ವೈಯಾಕರಣರು ಬಳಿಯುವುದೆಂಬರ್ಥದ ‘ಲಿಪ್’ ಧಾತುವಿನಿಂದ ಸಾಧಿಸುತ್ತಾರೆ; ಅದು ಪ್ರಾಚೀನ ಪಾರಸಿಕದ ‘ದಿಪಿ’ ಶಬ್ದದಿಂದ ಬಂದಿತೆಂಬ ಪಕ್ಷವೂ ಉಂಟು. ವ್ಯುತ್ಪತ್ತಿಯು ಹೇಗೇ ಇರಲಿ, ಗೀರುವುದು ಬಳಿಯುವುದು ಎಂಬಿವೆರಡೇ ಬರೆಹದ ಹಳೆಯ ಮಾರ್ಗಗಳು. ಶಾಸನದ ಪಡಿಯಚ್ಚಿನಲ್ಲಿ ಇವೆರಡೂ ಕೂಡುತ್ತವೆ. ಕಲ್ಲನ್ನು ತೊಳೆದು, ನೆನೆಸಿದ ಕಾಗದವನ್ನು ಹೊದಿಸಿ, ಕುಂಚದಿಂದ ಬಡಿದು, ಮೇಲೆ ಮಸಿಯನ್ನು ಒತ್ತಿದರೆ, ತಗ್ಗಿನಲ್ಲಿರುವ ಅಕ್ಷರಗಳಿಗೆ ಮಸಿ ತಾಗದೆ ಅವು ಬೆಳ್ಳಗೆ ಉಳಿಯುತ್ತವೆ.

ಮೂರನೆಯ ಮಾರ್ಗವೇ ಬೆಳಕು. ನೇರಳೆಯ ಬಣ್ಣದಾಚೆಗೆ, ಕಣ್ಣಿಗೆ ಏನೂ ತೋರದೆಡೆಯಲ್ಲಿ, ಬೆಳ್ಳಿಯ ಲವಣವು ಕಪ್ಪಾಗುವುದನ್ನು ಜರ್ಮನಿಯ ರಿಟ್ಟರನು 1801ರಲ್ಲಿ ಕಂಡನು. ಬೈಕ್ರೋಮೇಟ್ ಲವಣವನ್ನು ಸವರಿದ ಕಾಗದವು ಬಿಸಿಲಿಗೆ ಮಾರ್ಪಡುವುದನ್ನು 1839ರಲ್ಲಿ ಪಾಂಟನನು ತಿಳಿಸಿದನು. ಆ ಲವಣವನ್ನು ಬೆರಸಿದ ಜಿಲಾಟಿನ್ನು ಬೆಳಕು ಬಿದ್ದೆಡೆ ಗಟ್ಟಿಯಾಗಿ, ಬೀಳದೆಡೆ ನೀರಿನಲ್ಲಿ ಕರಗುವುದು. ಈ ಗುಣದಿಂದ ಟಾಲ್ಬಟನು 1852ರಲ್ಲಿ ಲೋಹಫಲಕವನ್ನು ಕೊರೆಯುವ ಕ್ರಮವನ್ನು ಕಂಡುಹಿಡಿದನು. 1858ರಲ್ಲಿ ಅದನ್ನು ತಿದ್ದಿ, ಕೊರೆಯುವುದಕ್ಕೆ ಫೆರಿಕ್ ಕ್ಲೋರೈಡನ್ನು ಉಪಯೋಗಿಸಿದನು.

ನಮ್ಮ ಶಾಸನಶಾಸ್ತ್ರವೂ ಬೆಳಕಿನ ಈ ಕಲೆಗೆ ಋಣಿಯಾಗಿದೆ. ಮೇಜರ್ ಡಿಕ್ಸನ್ನರು 1865ರಲ್ಲಿ ತೆಗೆದ ಮೈಸೂರು ಸೀಮೆಯ ಶಾಸನಗಳ ಛಾಯಾಚಿತ್ರಗಳು, ರೈಸರು 1879ರಲ್ಲಿ ಹೊರತಂದ ‘ಮೈಸೂರ್ ಇನ್‌ಸ್ಕ್ರಿಪ್‌ಷನ್ಸ್’ ಗ್ರಂಥಕ್ಕೆ ಆಧಾರವಾದುವು. 1872ರಲ್ಲಿ ಆರಂಭವಾದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಫ್ಲೀಟರೇ ಮೊದಲಾದವರ ಲೇಖನಗಳೊಡನೆ ಪ್ರತಿಬಿಂಬಪತ್ರಗಳು ಅಚ್ಚಾದುವು.

ಮುದ್ರಣದ ಪರಿಚಯವುಳ್ಳ ವಿಯೆನ್ನಾದ ಪಾಲ್ ಐಸ್ಲರನು ಲಂಡನ್ನಿನಲ್ಲಿ ಈ ಕ್ರಮವನ್ನೇ ರೇಡಿಯೋ ಯಂತ್ರಕ್ಕೆ ಹೊಂದಿಸಿ, 1943ರಲ್ಲಿ ಹಕ್ಕುಪತ್ರಕ್ಕೆ ಅರ್ಜಿಯನ್ನು ಸಲ್ಲಿಸಿದನು. ಆದಕಾರಣ ‘ಮುದ್ರಿತ’ವೆಂಬ ವಿಶೇಷಣವು ಇಲ್ಲಿ ಅಲಂಕಾರವಲ್ಲ, ವಾಚ್ಯಾರ್ಥವೇ. ಕರ್ಣಾಟಕದಲ್ಲಿ ಈ ವಿದ್ಯೆಗೆ ನೆಲೆಯಾದುವುಗಳಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಸ್ವಿಟ್ಜರ್ಲೆಂಡಿನ ನೆರವಿನಿಂದ ಸ್ಥಾಪಿತವಾದ ಎಲೆಕ್ಟ್ರಾನಿಕ್ಸ್ ವಿನ್ಯಾಸ ಕೇಂದ್ರವು ಒಂದು. ಅಲ್ಲಿದ್ದ ವಾಲ್ಟರ್ ಬಾಸ್‌ಹಾರ್ಟರು ಈ ಫಲಕಗಳನ್ನು ಕುರಿತು ಬರೆದ ಗ್ರಂಥವು 1983ರಲ್ಲಿ ಪ್ರಕಟವಾಯಿತು.

ಮನೆಯಲ್ಲಿ ನಡೆಯುವ ಕ್ರಮವು ಹೀಗೆ. ಸಾಮಾನ್ಯವಾಗಿ 35 ಮೈಕ್ರಾನ್ ದಪ್ಪದ ತಾಮ್ರದ ಹೊದಿಕೆಯುಳ್ಳ ಫಲಕಕ್ಕೆ ಬೆಳಕಿಗೆ ಗಟ್ಟಿಯಾಗುವ ಪೊರೆಯನ್ನು ಅಂಟಿಸಿ, ರೇಖೆಗಳು ಪಾರದರ್ಶಕವಾಗಿಯೂ ಉಳಿದ ಭಾಗವು ಕಪ್ಪಾಗಿಯೂ ಇರುವ ಹಾಳೆಯನ್ನು ಅದರ ಮೇಲಿಡುವರು. ಈ ಹಾಳೆಯನ್ನೂ ಶಾಸನದ ಪಡಿಯಚ್ಚನ್ನೂ ಪಕ್ಕದಲ್ಲಿಟ್ಟು ನೋಡಿದರೆ ಸಾಮ್ಯವು ತಾನೇ ಗೋಚರವಾಗುವುದು: ಎರಡರಲ್ಲಿಯೂ ಬರೆಹವು ಮಸಿಯಿಲ್ಲದ ಎಡೆಯೇ. ಮೇಲಿನಿಂದ 365ರಿಂದ 405 ನ್ಯಾನೋಮೀಟರ್ ತರಂಗಗಳ ದೀಪವನ್ನಾಗಲಿ ಬಿಸಿಲನ್ನಾಗಲಿ ಬೀರಿಸಿ, ಗಟ್ಟಿಯಾಗದ ಪೊರೆಯನ್ನು ತೊಳೆಸೋಡದ ನೀರಿನಿಂದ ಕಳೆದು, ಬರಿದಾದ ತಾಮ್ರವನ್ನು ಟಾಲ್ಬಟನು ಬಳಸಿದ ಫೆರಿಕ್ ಕ್ಲೋರೈಡಿನಿಂದಲೇ ಕರಗಿಸುವರು. ಬಿಸಿಲು ಹೊತ್ತುಹೊತ್ತಿಗೆ ವ್ಯತ್ಯಾಸವಾಗುವುದರಿಂದ ದೀಪಕ್ಕೆ ಪ್ರಾಶಸ್ತ್ಯವು ಬಂದಿತು. ಆ ದೀಪವನ್ನು ಬರಿಗಣ್ಣಿನಿಂದ ನೋಡತಕ್ಕುದಲ್ಲ. ಬೆಳಕು ಕಡಮೆಯಾದರೆ ರೇಖೆಯು ತೊಳೆದುಹೋಗುವುದು. ಹೆಚ್ಚಾದರೆ ಅಂಚು ಹರಡಿ ನೆರೆಯ ರೇಖೆಗಳು ಕೂಡಿಕೊಳ್ಳುವುವು. ತಾಮ್ರಶಾಸನದಲ್ಲಿ ಅಕ್ಷರವಿರುವೆಡೆ ಲೋಹವು ಹೋಗುತ್ತದೆ. ಇಲ್ಲಿ ರೇಖೆಯಿರುವೆಡೆ ಲೋಹವು ಉಳಿಯುತ್ತದೆ. ಭೇದವು ಇಷ್ಟೇ.

ಬೆಳಕಿನ ಪ್ರತಿಯು ನಿರ್ದುಷ್ಟವೆಂದು ಕೆಲವರ ಮತ. ಲಿಪಿಕಾರನಂತೆ ಬೆಳಕು ತೂಕಡಿಸದು, ಸಾಲನ್ನು ಬಿಡದು ಎಂಬುದು ದಿಟ. ಆದರೆ ಅದು ತಿದ್ದುವುದೂ ಇಲ್ಲ. ಹಾಳೆಯ ಮೇಲಿನ ಒಂದು ಧೂಳಿನ ಕಣವು ರೇಖೆಯನ್ನು ತುಂಡರಿಸಬಲ್ಲುದು. ಕಲ್ಲಿನ ಒಂದು ಬಿರುಕು ಪಡಿಯಚ್ಚಿನಲ್ಲಿ ಅಕ್ಷರದ ಗೀರಾಗಿ ತೋರಬಲ್ಲುದು. ಇನ್ನೊಂದು ಕಡೆ, ರೈಸರ ಸಂಪುಟಗಳಲ್ಲಿ ಪಾಠವಿರುವ ಶಾಸನಗಳಿಗೆಲ್ಲ ಪ್ರತಿಬಿಂಬಪತ್ರಗಳಿಲ್ಲ; ಅಂಥೆಡೆಗಳಲ್ಲಿ ಪಾಠವನ್ನು ಸಂಶಯಿಸುವವನು ಕಲ್ಲಿನ ಬಳಿಗೇ ಹೋಗಬೇಕು. ಕಲ್ಲೋ ಮಳೆಗಾಳಿಗಳಿಗೆ ಸವೆಯುವ ವಸ್ತು. ಆದುದರಿಂದ ಪಾಠವಿಲ್ಲದ ಪ್ರತಿಬಿಂಬವೂ ಪ್ರತಿಬಿಂಬವಿಲ್ಲದ ಪಾಠವೂ ಅರ್ಧವೇ ಸರಿ. ಫಲಕವನ್ನು ಮಾಡುವ ತರುಣನು ದೀಪವನ್ನು ಹೊತ್ತಿಸುವ ಮೊದಲು ಹಾಳೆಯನ್ನು ಗೆರೆಗೆರೆಯಾಗಿ ಪರೀಕ್ಷಿಸುತ್ತಾನೆ. ಶಾಸನಪಾಠಗಳನ್ನು ಮತ್ತೆ ಅಚ್ಚಿಗೆ ಕೊಡುವ ಪಂಡಿತರು ಆ ಎಚ್ಚರಿಕೆಯನ್ನು ಅವನಿಂದ ಕಲಿಯುವುದರಲ್ಲಿ ಗೌರವಹಾನಿಯೇನೂ ಇಲ್ಲ.